ಬಂಡೆ ಹತ್ತುವ ಟ್ರಕ್ಕಿಗೆ ಎಂಥ ಟಾರ್ಕ್ ಕನ್ವರ್ಟರ್ ಬೇಕು?

ಟಾರ್ಕ್ ಕನ್ವರ್ಟರ್ ಅಂದರೆ ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಭಾಗ. ಚಕ್ರ ಕದಲದಂತೆ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಎಷ್ಟು ಆರ್‌ಪಿಎಂವರೆಗೆ ಏರುತ್ತದೋ ಅದೇ ಸ್ಟಾಲ್ ಸ್ಪೀಡ್. ಅದು ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವುದು ಡ್ರ್ಯಾಗ್ ರೇಸಿನ ಲೆಕ್ಕ. ಬಂಡೆಯ ಮೇಲೆ ಅದು ಕೈಕೊಡುತ್ತದೆ. 3000 ಆರ್‌ಪಿಎಂ ಸ್ಟಾಲಿನ ಕನ್ವರ್ಟರ್ ಹಾಕಿದರೆ ಆಕ್ಸಿಲರೇಟರ್ ಒತ್ತಿದರೂ ಚಕ್ರ ಕದಲುವುದಿಲ್ಲ, ಇನ್ನೊಂಚೂರು ಒತ್ತಿದರೆ ಟ್ರಕ್ ಒಮ್ಮೆಗೇ ಮುಂದಕ್ಕೆ ನುಗ್ಗುತ್ತದೆ. ಆಕ್ಸಲ್ ಶಾಫ್ಟ್ ಮುರಿಯುವುದು ಇಂಥ ಹೊತ್ತಿನಲ್ಲೇ.

ಕೆಳಗಿನ ಆರ್‌ಪಿಎಂನಲ್ಲೇ ಚೆನ್ನಾಗಿ ಎಳೆಯುವ ಪೆಟ್ರೋಲ್ ವಿ8 ಇಂಜಿನ್ನಿಗೆ 1600ರಿಂದ 2000 ಸಾಕು. ಡೀಸೆಲಿಗೆ ಸಾಮಾನ್ಯವಾಗಿ ಇನ್ನೂ ಕಡಿಮೆ. ಆದರೆ ಡಬ್ಬದ ಮೇಲಿನ ಅಂಕಿಯನ್ನೇ ನಂಬಬೇಡಿ: ಅದೇ ಕನ್ವರ್ಟರ್ ಹೆಚ್ಚು ಟಾರ್ಕಿನ ಇಂಜಿನ್ನಿಗೆ ಜೋಡಿಸಿದರೆ ಹೆಚ್ಚು ಆರ್‌ಪಿಎಂಗೆ ಸ್ಟಾಲ್ ಆಗುತ್ತದೆ. ಆರ್ಡರ್ ಕೊಡುವಾಗ ಇಂಜಿನ್, ತೂಕ, ಟೈರ್, ಆಕ್ಸಲ್ ರೇಷಿಯೊ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಅಂಕಿ) ನಾಲ್ಕನ್ನೂ ತಿಳಿಸಿ.

ಟೈರಿನ ವಿಷಯ ಬಹಳ ಮುಖ್ಯ. 31 ಇಂಚಿನಿಂದ 35ಕ್ಕೆ ಹೋದರೆ 4.10 ಆಕ್ಸಲ್ 3.63ರಂತೆ ವರ್ತಿಸುತ್ತದೆ. ಆ ಕೊರತೆಯನ್ನು ಕನ್ವರ್ಟರ್ ಜಾರಿ ಜಾರಿ ತುಂಬಬೇಕಾಗುತ್ತದೆ. ಮೊದಲು 4.56 ಅಥವಾ 4.88 ಆಕ್ಸಲ್ ಗೇರ್ ಹಾಕಿಸಿ, ಆಮೇಲೆ ಕನ್ವರ್ಟರ್ ನೋಡಿ.

ಜಾರಿದ ಶಕ್ತಿಯೆಲ್ಲ ಬಿಸಿಯಾಗಿ ಎಣ್ಣೆಗೆ ಇಳಿಯುತ್ತದೆ. ನಿಧಾನವಾಗಿ ತೆವಳುವಾಗ, ಕನ್ವರ್ಟರ್ ಜಾರದಂತೆ ಹಿಡಿಯುವ ಲಾಕಪ್ ಕ್ಲಚ್ ಸಾಮಾನ್ಯವಾಗಿ ಹಿಡಿಯುವುದೇ ಇಲ್ಲ, ಎದುರುಗಾಳಿಯೂ ಇಲ್ಲ. ಹಾಗಾಗಿ ಫ್ಯಾನ್ ಇರುವ ಕೂಲರ್ ಬೇಕೇ ಬೇಕು. ಗೇರ್‌ಬಾಕ್ಸಿನ ತಳದಲ್ಲಿರುವ ಎಣ್ಣೆ ಪ್ಯಾನಿನ ಉಷ್ಣತೆ 95 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಿಶ್ಚಿಂತೆ. 120ರ ಆಸುಪಾಸಿಗೆ ಹೋದರೆ ಎಣ್ಣೆ ಕೆಟ್ಟು ವಾರ್ನಿಶ್ ಕಟ್ಟತೊಡಗುತ್ತದೆ. ಕಾದಾಗ ನ್ಯೂಟ್ರಲ್‌ಗೆ ಹಾಕಿ, ಇಂಜಿನನ್ನು 1200ರ ಹತ್ತಿರ ಓಡಿಸುತ್ತ ಬಿಡಿ. ಹೊರೆ ಇಲ್ಲದೆ ಎಣ್ಣೆ ಕೂಲರಿನಲ್ಲಿ ಹರಿಯುತ್ತಿರುತ್ತದೆ. ಸ್ಟಾಲ್ ಟೆಸ್ಟ್ ಮಾಡುವುದಾದರೂ 5 ಸೆಕೆಂಡಿಗಿಂತ ಹೆಚ್ಚು ಬೇಡ.

ಕೂರಿಸುವಾಗ ಆತುರ ಪಟ್ಟರೆ ಪಂಪ್ ಒಡೆಯುತ್ತದೆ. ಕನ್ವರ್ಟರಿಗೆ ಒಂದು ಲೀಟರಿನಷ್ಟು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸುರಿದು, ಸೀಲ್ ತಾಗುವ ಹಬ್‌ಗೂ ಎಣ್ಣೆ ಸವರಿ. ಒಳಗೆ ತಳ್ಳುತ್ತ ನಿಧಾನವಾಗಿ ತಿರುಗಿಸಿ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಸ್ಟೇಟರ್ ಸಪೋರ್ಟ್, ಪಂಪ್, ಮೂರಕ್ಕೂ ಕಚ್ಚಿಕೊಳ್ಳಬೇಕು. ಕೂತಾಗ ಕೈಗೇ ಗೊತ್ತಾಗುತ್ತದೆ. ಗೇರ್‌ಬಾಕ್ಸಿನ ಮುಂಭಾಗದ ಕವಚ, ಅಂದರೆ ಬೆಲ್ ಹೌಸಿಂಗ್, ಇಂಜಿನ್ನಿಗೆ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಇಂಜಿನ್ನಿನ ಹಿಂದಿರುವ ತೆಳು ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ಕನ್ವರ್ಟರಿಗೂ ನಡುವೆ ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಮೂರರಲ್ಲಿ ಒಂದು ಕಚ್ಚಿಲ್ಲ ಎಂದರ್ಥ. ಬೋಲ್ಟ್ ಬಿಗಿದು ಎಳೆಯಲು ಹೋಗದೆ, ಗೇರ್‌ಬಾಕ್ಸ್ ಹಿಂದಕ್ಕೆ ಸರಿಸಿ ಮತ್ತೆ ಕೂರಿಸಿ.