ಎಂಟು ವರ್ಷದ ಮಗುವಿಗೆ ಪಾಪಸಂಕೀರ್ತನೆ ಯಾಕೆ?

ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನು. ಚರ್ಚಿನ ಪೂಜೆಯಲ್ಲಿ ಯೇಸುವಿನ ಶರೀರವೆಂದು ಕೊಡುವ ರೊಟ್ಟಿಯನ್ನು ಮಕ್ಕಳು ಮೊದಲ ಸಲ ಸ್ವೀಕರಿಸುವುದೇ ಪ್ರಥಮ ಪರಮಪ್ರಸಾದ. ಅದಕ್ಕೆ ಮುಂಚೆ ಪಾಪಸಂಕೀರ್ತನೆ, ಅಂದರೆ ತಮ್ಮ ತಪ್ಪುಗಳನ್ನು ಗುರುಗಳ ಮುಂದೆ ಹೇಳಿಕೊಂಡು ದೇವರ ಕ್ಷಮೆ ಪಡೆಯುವುದು. ಇದರ ತಯಾರಿ ಶುರುವಾದರೆ ಸಾಕು, ಒಬ್ಬರಲ್ಲ ಒಬ್ಬರು ತಾಯಿ ಬಂದು ಕೇಳುತ್ತಾರೆ: "ಟೀಚರ್, ಎಂಟು ವರ್ಷದ ಮಗು ಏನು ಪಾಪ ಮಾಡಿರುತ್ತೆ? ಈಗಲೇ ಪಾಪ ಗೀಪ ಅಂತ ಹೆದರಿಸಬೇಕಾ?"

ಹೆದರಿಸಲೇಬಾರದು. ಆದರೆ ತಪ್ಪು ಮಾಡಿದೆ ಎಂಬ ಅಳುಕನ್ನು ಮಗುವಿನೊಳಗೆ ನಾವು ತುಂಬಬೇಕಾಗಿಲ್ಲ, ಅದು ಆಗಲೇ ಅಲ್ಲಿರುತ್ತದೆ. ತಂಗಿಯ ಪೆನ್ಸಿಲ್ ಬಾಕ್ಸ್ ಬಚ್ಚಿಟ್ಟು "ನಾನು ನೋಡೇ ಇಲ್ಲ" ಎಂದ ಹುಡುಗ ರಾತ್ರಿ ಅಮ್ಮನ ಮುಖ ನೋಡದೆ ಉಣ್ಣುತ್ತಾನೆ. ಆ ಭಾರವನ್ನು ಎಲ್ಲಿ ಇಳಿಸಬೇಕೋ ಅವನಿಗೆ ಗೊತ್ತಿಲ್ಲ. ನಾವು ಕಲಿಸುವುದು ಅದನ್ನೇ. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಅವರು, ತಿಳಿವಳಿಕೆ ಮೂಡುವ ಸುಮಾರು ಏಳನೇ ವಯಸ್ಸಿಗೇ ಮಕ್ಕಳಿಗೆ ಪಾಪಸಂಕೀರ್ತನೆಯೂ ಪರಮಪ್ರಸಾದವೂ ಸಿಗಬೇಕೆಂದು ಹೇಳಿದರು. ಅದಕ್ಕೆ ಮುಂಚೆ ಎಷ್ಟೋ ಕಡೆ ಪರಮಪ್ರಸಾದಕ್ಕಾಗಿ ಮಕ್ಕಳು ಹತ್ತು ಹನ್ನೆರಡು ವರ್ಷದವರೆಗೂ ಕಾಯಬೇಕಿತ್ತು.

ದಶಾಜ್ಞೆಗಳಿಂದ ನಾನು ಪಾಠ ಶುರು ಮಾಡುವುದಿಲ್ಲ. ಮೊದಲು ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯ, ತಂದೆಯಿಂದ ಪಾಲು ಪಡೆದು ದೂರ ಹೋಗಿ ಎಲ್ಲವನ್ನೂ ಹಾಳುಮಾಡಿಕೊಂಡು ಮನೆಗೆ ಮರಳುವ ದುಂದುಗಾರ ಮಗನ ಕತೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿ ಬಂದು ತಬ್ಬಿಕೊಳ್ಳುತ್ತಾನೆ. "ನನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಿ" ಎಂದು ಹೇಳಬೇಕೆಂದು ಮಗ ಯೋಚಿಸಿಕೊಂಡು ಬಂದಿದ್ದ. ಆ ಮಾತು ಬಾಯಿಗೆ ಬರುವಷ್ಟರಲ್ಲಿ ತಂದೆ ಆಳುಗಳಿಗೆ ಒಳ್ಳೆಯ ಬಟ್ಟೆ ತರಲು ಹೇಳಿಯಾಗಿದೆ. ಕ್ಷಮೆ ಸಿಕ್ಕೇ ಸಿಗುತ್ತದೆ ಎಂದು ನಂಬಿದ ಮಗು ಮಾತ್ರ ಧೈರ್ಯವಾಗಿ ತನ್ನ ತಪ್ಪನ್ನು ನೋಡಬಲ್ಲದು.

ಆಮೇಲೆ ಪಾಪದ ಮಾತು. ಹಾಲಿನ ಲೋಟ ಕೈಜಾರಿ ಬಿದ್ದರೆ ಪಾಪವಲ್ಲ, ಗಣಿತದಲ್ಲಿ ಕಡಿಮೆ ಅಂಕ ಬಂದರೂ ಅಲ್ಲ. ತಪ್ಪೆಂದು ಗೊತ್ತಿದ್ದೂ ಬೇಕೆಂದೇ ಮಾಡಿದ್ದು ಪಾಪ. ಭಾನುವಾರ ಪೂಜೆಗೆ ಅಪ್ಪ ಅಮ್ಮ ಕರೆದುಕೊಂಡು ಹೋಗದಿದ್ದರೆ ಅದರ ಹೊಣೆ ಮಗುವಿನದಲ್ಲ. ಇನ್ನೊಂದನ್ನು ನಾನು ಪ್ರತಿ ತಂಡಕ್ಕೂ ಒತ್ತಿ ಹೇಳುತ್ತೇನೆ: ದೊಡ್ಡವರು ಯಾರಾದರೂ ನಿನ್ನೊಂದಿಗೆ ಕೆಟ್ಟದಾಗಿ ನಡೆದುಕೊಂಡರೆ, ಮುಟ್ಟಬಾರದ ಕಡೆ ಮುಟ್ಟಿದರೆ, ಅದು ನಿನ್ನ ಪಾಪ ಅಲ್ಲವೇ ಅಲ್ಲ. ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಡ, ಅಮ್ಮನಿಗೋ ನೀನು ನಂಬುವ ಇನ್ನೊಬ್ಬರಿಗೋ ಕೂಡಲೇ ಹೇಳು. ಪಾಪದ ಪಾಠದಲ್ಲಿ ಈ ಮಾತು ಬಿಟ್ಟುಹೋದರೆ ಮಗು ಬೇರೆಯವರ ಪಾಪವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ.

ಆತ್ಮಶೋಧನೆಗೆ, ಅಂದರೆ ತಮ್ಮ ತಪ್ಪುಗಳನ್ನು ನೆನಪಿಸಿಕೊಳ್ಳಲು, ಪಟ್ಟಿ ಬರೆಸುವುದು ನನಗೆ ಅಷ್ಟು ಒಗ್ಗುವುದಿಲ್ಲ. ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಾರೆ. ಅದರ ಬದಲು ಕಣ್ಣು ಮುಚ್ಚಿಸಿ ಕೇಳುತ್ತೇನೆ: ಮನೆಯಲ್ಲಿ ಯಾರಿಗೆ ನೋವು ಮಾಡಿದೆ? ಶಾಲೆಯಲ್ಲಿ? ದೇವರನ್ನು ನೆನೆದೆಯಾ? "ಅಣ್ಣ ಮೊದಲು ಹೊಡೆದ" ಎಂದು ಶುರು ಮಾಡುವವರಿಗೆ, ಅಣ್ಣನ ಪಾಪ ಅಣ್ಣ ಹೇಳಿಕೊಳ್ಳಲಿ, ನಿನ್ನದಷ್ಟೇ ನೀನು ಹೇಳು ಅನ್ನುತ್ತೇನೆ. ಹೇಳಿಕೊಂಡರಷ್ಟೇ ಮುಗಿಯುವುದಿಲ್ಲ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಕೊಡುತ್ತೇನೆಂದು ಯೇಸುವಿಗೆ ಹೇಳಿದ ಸುಂಕದವ ಜಕ್ಕಾಯನ ಕತೆ ಕೇಳಿದ ಮೇಲೆ ಪೆನ್ಸಿಲ್ ಬಾಕ್ಸ್ ಏನಾಗಬೇಕೆಂದು ಮಕ್ಕಳೇ ಹೇಳುತ್ತಾರೆ.

ತಂದೆ ತಾಯಂದಿರಲ್ಲಿ ಒಂದು ಬೇಡಿಕೆ. "ಫಾದರ್ ಹತ್ರ ಏನು ಹೇಳಿದೆ?" ಎಂದು ದಯವಿಟ್ಟು ಕೇಳಬೇಡಿ. ಪಾಪಸಂಕೀರ್ತನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಧರ್ಮಸಭೆಯಿಂದಲೇ ಬಹಿಷ್ಕಾರ. ಎಂಟು ವರ್ಷದವರಿಗೂ ಆ ಗೌರವ ಸಲ್ಲಬೇಕು. ಅದಕ್ಕಿಂತ ನೀವೇ ಮೊದಲು ಹೋಗಿ ಸಾಲಿನಲ್ಲಿ ನಿಲ್ಲಿ, ಮಗು ನೋಡಲಿ.

ಮರೆತುಹೋದರೇನು ಗತಿ ಎಂದು ಮಕ್ಕಳು ಕೇಳುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆ ಮರೆತರೆ ಫಾದರ್ ಹೇಳಿಕೊಡುತ್ತಾರೆ. ಬೇಕೆಂದೇ ಮುಚ್ಚಿಡದೆ ನಿಜವಾಗಿ ಮರೆತ ಪಾಪಕ್ಕೂ ಕ್ಷಮೆ ಸಿಕ್ಕಿರುತ್ತದೆ, ದೊಡ್ಡದಾಗಿದ್ದರೆ ಮುಂದಿನ ಸಲ ನೆನಪಿಟ್ಟು ಹೇಳಿದರಾಯಿತು.