ಈ ಹಡಗನ್ನ ಸ್ನೋನಲ್ಲಿ ಹೇಗೆ ಓಡಿಸ್ತೀರಿ?

ಕನ್ನಡ ಕೂಟದ ಕಾರ್ಯಕ್ರಮ ಮುಗಿಸಿ ಪಾರ್ಕಿಂಗ್‌ಗೆ ಬಂದಾಗೆಲ್ಲ ಯಾರಾದರೂ ಒಬ್ಬರು ನನ್ನ ಕಾರಿನ ಪಕ್ಕ ನಿಂತಿರುತ್ತಾರೆ. ಸುಮ್ನೆ ಒಂದು ಸುತ್ತು ಹಾಕಿ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಅಕ್ಕ, ಈ ಹಡಗನ್ನ ಸ್ನೋನಲ್ಲಿ ಹೇಗೆ ಓಡಿಸ್ತೀರಿ?" ಸ್ವಲ್ಪ ಕಾರು ಗೊತ್ತಿರೋರಾದರೆ ಧ್ವನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ. "ಇದು ರಿಯರ್ ವೀಲ್ ಡ್ರೈವ್ ಅಲ್ವಾ?"

ಹೌದು, ರಿಯರ್ ವೀಲ್ ಡ್ರೈವೇ. 2007ರ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ. ಕಾರಿನ ಹಿಂದೆ ಬರೆದಿರೋದನ್ನ ನೋಡಿದರೆ ಮಾರ್ಕ್ವಿಸ್ ಅಂತ ಓದಬೇಕು ಅನ್ನಿಸುತ್ತದೆ, ಆದರೆ ಇಲ್ಲಿನವರು ಹೇಳೋದು ಮಾರ್ಕೀ. ಅದು ನನಗೆ ಗೊತ್ತಾಗಿದ್ದು ಕಾರು ಕೊಂಡು ಒಂದು ವರ್ಷ ಆದಮೇಲೆ. ಐದೂಕಾಲು ಮೀಟರಿಗಿಂತ ಜಾಸ್ತಿ ಉದ್ದ. ನಮ್ಮೂರಿನ ಅಂಬಾಸಿಡರ್ ಪಕ್ಕ ನಿಲ್ಲಿಸಿದರೆ ಒಂದು ಮೀಟರ್ ಆಚೆ ಚಾಚಿಕೊಂಡಿರುತ್ತದೆ. ತೂಕ 1,850 ಕೆ.ಜಿ. ದಾಟುತ್ತದೆ. ಮುಂದೆ 4.6 ಲೀಟರಿನ ವಿ8 ಎಂಜಿನ್. ಪೊಲೀಸರು, ಟ್ಯಾಕ್ಸಿಯವರು ವರ್ಷಗಟ್ಟಲೆ ಓಡಿಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಇದೆಯಲ್ಲ, ಅದರ ಖಾಸಾ ಅಕ್ಕ ಇದು.

ನಾನಿರೋದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಪಕ್ಕದ ಬೀದಿಯ ಅಜ್ಜಿಯೊಬ್ಬರು 2016ರಲ್ಲಿ ಕಾರು ಓಡಿಸೋದನ್ನ ಬಿಟ್ಟರು. ಆಗ ಅವರಿಂದ ಕೊಂಡಿದ್ದು. ಮೀಟರಿನಲ್ಲಿ 61,000 ಮೈಲಿ ಇತ್ತು. ಸೀಟಿನ ಸಂದಿಯಲ್ಲಿ ಪೆಪ್ಪರ್‌ಮಿಂಟ್ ಸಿಕ್ಕಿತ್ತು.

ಪ್ರಶ್ನೆಗೆ ಬರ್ತೀನಿ. ಹಿಮದಲ್ಲಿ ಓಡಿಸೋದು ಅಷ್ಟೇನೂ ಕಷ್ಟ ಇಲ್ಲ. ಎಲ್ಲರೂ ಹಿಮದ ಬಗ್ಗೆಯೇ ಕೇಳುತ್ತಾರೆ, ಉಪ್ಪಿನ ಬಗ್ಗೆ ಒಬ್ಬರೂ ಕೇಳೋದಿಲ್ಲ. ಈ ಕಾರಿಗೆ ನಾನು ಮಾಡೋ ಸೇವೆಯಲ್ಲಿ ಮುಕ್ಕಾಲು ಪಾಲು ಉಪ್ಪಿಗೇ ಹೋಗುತ್ತದೆ.

ಹಿಮದ್ದನ್ನ ಮೊದಲು ಹೇಳಿ ಮುಗಿಸ್ತೀನಿ. ಎಂಜಿನ್ನಿನ ಭಾರ ಮುಂದೆ, ಕಾರನ್ನ ತಳ್ಳೋ ಚಕ್ರ ಹಿಂದೆ. ಹಿಂದುಗಡೆ ಹಗುರ ಆಗಿದ್ದರೆ ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಆದ್ದರಿಂದ ಹಿಂದೆ ಭಾರ ಹಾಕಬೇಕು. ಚಳಿಗಾಲ ಬಂತು ಅಂದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಉದ್ದನೆ ಚೀಲದಲ್ಲಿ ಮರಳು ಸಿಗುತ್ತದೆ. ಒಂದೊಂದು 60 ಪೌಂಡ್, ಅಂದರೆ 27 ಕೆ.ಜಿ. ನಾನು ನಾಲ್ಕು ಹಾಕ್ತೀನಿ. ಈ ಕಾರಿನ ಡಿಕ್ಕಿ ಬಾವಿ ಥರ, ನಡುವೆ ಆಳ. ಒಳಗಡೆ, ಹಿಂದಿನ ಸೀಟಿನ ಬೆನ್ನಿಗೆ, ಒಂದು ಎತ್ತರದ ಕಟ್ಟೆ ಇದೆ. ಸ್ಟೆಪ್ನಿ ಕೂರೋದು ಅಲ್ಲೇ, ಆಕ್ಸಲ್ಲಿನ ನೇರ ಮೇಲೆ. ಮರಳೂ ಅಲ್ಲೇ ಕೂರಬೇಕು, ಬೆಲ್ಟ್ ಹಾಕಿ ಬಿಗಿದು. ಬಾವಿಯೊಳಗೆ ಎಸೆದರೆ ಸುಲಭ ಅಂತ ಮೊದಲ ವರ್ಷ ಹಾಗೇ ಮಾಡಿದ್ದೆ. ತಿರುವಿನಲ್ಲಿ ಬಾಲ ಬೀಸಿತು. ಬುದ್ಧಿ ಬಂತು.

ಮರಳಿಗಿಂತ ಮುಖ್ಯ ಟೈರು. ಇದರಲ್ಲಿ ಜುಗ್ಗತನ ಮಾಡಬೇಡಿ. ಮಾಮೂಲಿ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರು ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ ಕೊಳ್ಳಿ. ನನ್ನದು ನಾಲ್ಕೂ ಅಂಥವೇ. ಗುಜರಿಯಲ್ಲಿ ಸಿಕ್ಕಿದ ಪೊಲೀಸ್ ಕಾರಿನ ಕಪ್ಪು ಕಬ್ಬಿಣದ ರಿಮ್ಮಿಗೆ ಹಾಕಿಸಿಟ್ಟಿದ್ದೀನಿ. ಹಾಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೈವೇಯಲ್ಲಿ ನನ್ನ ಮುಂದಿರೋರೆಲ್ಲ ಇದ್ದಕ್ಕಿದ್ದಂತೆ ಸಭ್ಯರಾಗಿಬಿಡುತ್ತಾರೆ.

ಇನ್ನು ಓಡಿಸೋ ಕೈ. ಸಿಗ್ನಲ್ಲಿನಲ್ಲಿ ಜಾರುತ್ತಿದೆ ಅನ್ನಿಸಿದರೆ ಗೇರನ್ನ 2ಕ್ಕೆ ಇಳಿಸ್ತೀನಿ. ಆಗ ಕಾರು ಎರಡನೇ ಗೇರಿನಲ್ಲೇ ಹೊರಡುತ್ತದೆ, ಚಕ್ರಕ್ಕೆ ಎಳೆತ ಕಮ್ಮಿ, ಸುತ್ತೋದೂ ಕಮ್ಮಿ. ಬಾಲ ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಮೂತಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಸ್ಟೀರಿಂಗ್ ತಿರುಗಿಸಬೇಕು. ಓದಿದರೆ ಬರೋ ವಿದ್ಯೆ ಅಲ್ಲ ಇದು. ಪ್ರತಿ ವರ್ಷ ಮೊದಲ ಹಿಮ ಬಿದ್ದ ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಬೇಕಂತಲೇ ಜಾರಿಸಿ ನೋಡ್ತೀನಿ. ಮಗಳಿಗೂ ಅಲ್ಲೇ ಕಲಿಸಿದ್ದು. ಮಲೆನಾಡಿನಲ್ಲಿ ಮಳೆಗಾಲದ ಕೆಸರು ರಸ್ತೆ ಹತ್ತೋ ಜೀಪು ನೋಡಿದವರಿಗೆ ಇದು ಹೊಸದೇನಲ್ಲ. ನಿಧಾನವಾಗಿ ಹೊರಡು, ಮಧ್ಯೆ ನಿಲ್ಲಿಸಬೇಡ, ಜೋರು ಬ್ರೇಕ್ ಬೇಡ. ಅಪ್ಪ ಹೇಳುತ್ತಿದ್ದುದೂ ಅಷ್ಟೇ.

ಚಳಿಗೆ ಸ್ಟಾರ್ಟ್ ಆಗುತ್ತಾ ಅಂತಲೂ ಕೇಳುತ್ತಾರೆ. ಬ್ಯಾಟರಿ ಚೆನ್ನಾಗಿದ್ದರೆ ಆಗುತ್ತದೆ. 2019ರ ಜನವರಿ ಕೊನೆಯಲ್ಲಿ ಪೋಲಾರ್ ವೋರ್ಟೆಕ್ಸ್ ಅಂತ ಧ್ರುವದ ಕಡೆಯ ಚಳಿಗಾಳಿ ಬಂದಿತ್ತಲ್ಲ, ಇಲ್ಲಿ ಮೈನಸ್ 23 ಸೆಲ್ಸಿಯಸ್‌ಗಿಂತ ಕೆಳಗೆ ಹೋಗಿತ್ತು. ಆವತ್ತು ಕೀ ತಿರುಗಿಸಿದಾಗ ಎಂಜಿನ್ನು ನಿದ್ದೆಯಲ್ಲಿದ್ದವರನ್ನ ಎಬ್ಬಿಸಿದ ಹಾಗೆ ಒಂದು ಸಲ ನರಳಿ, ಎರಡನೇ ಸಲ ಹೊತ್ತಿಕೊಂಡಿತು. ಆಮೇಲೆ ಬ್ಲಾಕ್ ಹೀಟರ್ ಹಾಕಿಸಿದೆ. ಎಂಜಿನ್ನಿನ ಕೂಲೆಂಟನ್ನ ಬೆಚ್ಚಗಿಡೋ 400 ವ್ಯಾಟಿನ ಕಾಯಿಲ್ ಅದು. ಅದರ ವೈರು ಮುಂದಿನ ಜಾಲರಿಯಿಂದ ಹೊರಗೆ ನೇತಾಡುತ್ತಿರುತ್ತದೆ. ಟೈಮರ್ ಇಟ್ಟು, ಹೊರಡೋ ಮೂರು ಗಂಟೆ ಮುಂಚೆ ಅದು ಆನ್ ಆಗೋ ಹಾಗೆ ಮಾಡಿದ್ದೀನಿ. ಊರಿಂದ ಬಂದ ನಮ್ಮ ಭಾವ ಆ ವೈರು ನೋಡಿ, "ಓ, ಇದು ಎಲೆಕ್ಟ್ರಿಕ್ಕಾ?" ಅಂದರು. ಹೂಂ ಅಂದುಬಿಟ್ಟೆ. ಪೆಟ್ರೋಲ್ ಬಂಕಿಗೆ ಹೋದಾಗ ಬಣ್ಣ ಬಯಲಾಯಿತು.

ಈಗ ಉಪ್ಪು.

ಡೆಟ್ರಾಯಿಟ್ ಊರಿನ ಕೆಳಗೇ ಒಂದು ಉಪ್ಪಿನ ಗಣಿ ಇದೆ, ಸುಮಾರು 1,200 ಅಡಿ ಆಳದಲ್ಲಿ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಒಣಗಿ ಉಳಿದ ಉಪ್ಪು. ಅದನ್ನ ತೆಗೆದು ರಸ್ತೆಗೆ ಚೆಲ್ಲುತ್ತಾರೆ. ಜಗತ್ತಿಗೆಲ್ಲ ಕಾರು ಮಾಡಿಕೊಟ್ಟ ಊರು ಕಾರು ತಿನ್ನೋ ಉಪ್ಪಿನ ಮೇಲೇ ಕೂತಿದೆ ನೋಡಿ. ಉಪ್ಪು ಬೆರೆತ ನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟೋದಿಲ್ಲ. ರಸ್ತೆಗೆ ಅದು ಒಳ್ಳೆಯದು. ಆದರೆ ಅದೇ ನೀರು ಕಾರಿನ ಹೊಟ್ಟೆಗೆ ಅಂಟಿ, ಒಣಗದೆ, ಸಂದುಗೊಂದಿಗಳಲ್ಲಿ ಕೂತು ಕಬ್ಬಿಣ ತಿನ್ನುತ್ತದೆ.

ತುಂಬ ಚಳಿಯಿದ್ದಾಗ ತುಕ್ಕು ನಿಧಾನ. ಬಿಸಿ ಸಿಕ್ಕಿದರೆ ಅದರ ಕೆಲಸ ಚುರುಕು. ಆದ್ದರಿಂದ ಉಪ್ಪು ಮೆತ್ತಿದ ಕಾರನ್ನ ಹೀಟರ್ ಹಾಕಿದ ಗ್ಯಾರೇಜಿನಲ್ಲಿ ನಿಲ್ಲಿಸೋದು ಅಂದರೆ ತುಕ್ಕಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. "ಗ್ಯಾರೇಜ್ ಇಟ್ಟುಕೊಂಡು ಕಾರು ಯಾಕೆ ಹೊರಗೆ?" ಅಂತ ಪಕ್ಕದ ಮನೆಯವರಿಗೆ ಅನುಮಾನ. ಇದೇ ಕಾರಣ. ಇನ್ನೊಂದು ಕಾರಣ, ಬಾಗಿಲು ಮುಚ್ಚಿದರೆ ಬಂಪರಿಗೆ ತಾಗುತ್ತದೆ.

ನನ್ನ ಕಾರು ಕೊಂಡ ಎರಡನೇ ವರ್ಷ ಒಂದು ಅಂಗಡಿಯವರ ಮಾತು ಕೇಳಿ ತಳಕ್ಕೆಲ್ಲ ಕಪ್ಪು ರಬ್ಬರ್ ಕೋಟಿಂಗ್ ಹೊಡೆಸಿದ್ದೆ. ತೊಳೆದು ಒಣಗಿಸದೆ ಹೊಡೆದಿದ್ದರು. ಮೇಲೆ ನೋಡಿದರೆ ಹೊಸದಾಗಿ ಸಾರಿಸಿದ ಹಾಗೆ ಫಳಫಳ. ಒಂದೂವರೆ ವರ್ಷಕ್ಕೆ ಅಲ್ಲಲ್ಲಿ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಉಪ್ಪುನೀರು ಇಳಿದು, ಹೊರಬರೋಕೆ ದಾರಿಯಿಲ್ಲದೆ ಒಳಗೇ ಕೂತಿತು. ಉಗುರಿನಲ್ಲಿ ಕೆರೆದರೆ ದೋಸೆ ಎದ್ದ ಹಾಗೆ ಎದ್ದು ಬರುತ್ತಿತ್ತು, ಹಿಂದುಗಡೆ ಕೆಂಪು ಪುಡಿ.

ಅದರ ಫಲ 2020ರ ನವೆಂಬರಿನಲ್ಲಿ ಸಿಕ್ಕಿತು. ಮನೆ ಮುಂದಿನ ಡ್ರೈವ್‌ವೇಯಲ್ಲಿ ರಿವರ್ಸ್ ತೆಗೆಯುತ್ತಿದ್ದೆ. ಬ್ರೇಕ್ ಒತ್ತಿದರೆ ಪೆಡಲ್ಲು ಮೆತ್ತಗೆ ಕೆಳಗಿಳಿಯಿತು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ಕಾರು ನಿಂತಿತು, ಆದರೆ ನಿಲ್ಲಬೇಕಾದ ಜಾಗಕ್ಕಿಂತ ಒಂದು ಮಾರು ಆಚೆ. ಬ್ರೇಕಿನ ಎಣ್ಣೆಗೆ ಎರಡು ಪ್ರತ್ಯೇಕ ದಾರಿ ಇರುತ್ತದೆ. ಹಿಂದಿನದು ಒಡೆದರೂ ಮುಂದಿನದು ಹಿಡಿಯುತ್ತದೆ, ಅದೇ ಉಳಿಸಿದ್ದು. ಇಳಿದು ನೋಡಿದರೆ ಹಿಂದಿನ ಚಕ್ರದ ಹತ್ತಿರ ಹಿಮದ ಮೇಲೆ ಜೇನಿನ ಬಣ್ಣದ ಕಲೆ. ಪೆನ್ಸಿಲ್ಲಿಗಿಂತ ಸಣ್ಣ ಉಕ್ಕಿನ ಪೈಪು ತುಕ್ಕು ಹಿಡಿದು ತೂತಾಗಿತ್ತು. ಹೈವೇಯಲ್ಲಿ ಆಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕಾಲು ತಣ್ಣಗಾಗುತ್ತದೆ. ಒಂದು ಪೈಪಲ್ಲ, ಎಲ್ಲವನ್ನೂ ಬದಲಾಯಿಸಿಬಿಟ್ಟೆ. ಈ ಸಲ ತಾಮ್ರ-ನಿಕ್ಕಲ್ ಮಿಶ್ರಣದ ಪೈಪು. ಅದಕ್ಕೆ ತುಕ್ಕು ಹಿಡಿಯೋದಿಲ್ಲ. ಮಿಶಿಗನ್‌ನಲ್ಲಿ ಸ್ವಂತ ಕಾರಿಗೆ ವರ್ಷ ವರ್ಷ ತಪಾಸಣೆ ಅಂತ ಏನೂ ಇಲ್ಲ. ನಮ್ಮ ಕಾರಿನ ಅಡಿ ನಾವೇ ನೋಡಿಕೊಳ್ಳಬೇಕು. ಹಳೇ ಕಾರಿಟ್ಟುಕೊಂಡಿರೋ ಯಾರೇ ಸಿಕ್ಕಿದರೂ ಈಗ ನಾನು ಮೊದಲು ಕೇಳೋದು ಬ್ರೇಕ್ ಪೈಪಿನ ಯೋಗಕ್ಷೇಮ.

ರಬ್ಬರನ್ನೆಲ್ಲ ಕೆರೆದು ತೆಗೆಯೋಕೆ ಒಂದು ಬೇಸಿಗೆ ಹೋಯಿತು. ಈಗ ಹಾಕೋದು ಲ್ಯಾನೊಲಿನ್. ಕುರಿ ಉಣ್ಣೆಯಲ್ಲಿರೋ ಜಿಡ್ಡು ಅದು. ಸ್ಪ್ರೇ ಡಬ್ಬಿಯಲ್ಲಿ ಬರುತ್ತದೆ. ಒಣಗಿ ಗಟ್ಟಿಯಾಗೋದಿಲ್ಲ, ಜಿಡ್ಡಾಗೇ ಇದ್ದು ಸಂದಿಯೊಳಗೆ ತೆವಳಿಕೊಂಡು ಹೋಗುತ್ತದೆ. ಅಕ್ಟೋಬರಿನಲ್ಲಿ ಬಿಸಿಲಿರೋ ಒಂದು ಶನಿವಾರ, ತಳ ತೊಳೆದು ಎರಡು ದಿನ ಒಣಗಿಸಿ ಹೊಡೀತೀನಿ. ಬ್ರೇಕ್ ಡಿಸ್ಕ್, ಸೈಲೆನ್ಸರ್ ಪೈಪಿಗೆ ಮಾತ್ರ ತಾಗಿಸಬಾರದು.

ಮೊದಲ ಸಲ ಹೊಡೆದ ದಿನ ಆ ವಾಸನೆ ಮೂಗಿಗೆ ಬಡಿದು ಕಾರಿನಡಿಯೇ ಒಂದು ಗಳಿಗೆ ಸುಮ್ಮನೆ ಮಲಗಿಬಿಟ್ಟೆ. ಎಲ್ಲೋ ಗೊತ್ತಿರೋ ವಾಸನೆ. ಆಮೇಲೆ ಹೊಳೆಯಿತು, ಒದ್ದೆ ಕಂಬಳಿ! ಆಷಾಢದಲ್ಲಿ ನಾಟಿ ಮಾಡಿ ಬಂದವರು ಕಂಬಳಿ ಕೊಪ್ಪೆಯನ್ನ ಜಗಲಿಯ ಗಳುವಿಗೆ ನೇತುಹಾಕುತ್ತಿದ್ದರು. ಅದರಿಂದ ತೊಟ್ಟಿಕ್ಕೋ ನೀರಿನ ವಾಸನೆ ಇದೇ. ಕಂಬಳಿ ಅಷ್ಟು ಮಳೆ ತಡೆಯೋದರಲ್ಲಿ ಈ ಜಿಡ್ಡಿನ ಪಾಲೂ ಇದೆ. ನಮ್ಮೂರಿನ ಮುಂಗಾರಿಗೆ ಆಗಿದ್ದು ಮಿಶಿಗನ್ನಿನ ಉಪ್ಪಿಗೂ ಆಗುತ್ತಿದೆ. ನನ್ನ ಯಜಮಾನರಿಗೆ ಈ ನೆನಪಿಲ್ಲ, ಅವರು ಬೆಂಗಳೂರಿನವರು. ಒಂದು ವಾರ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ.

ಇನ್ನೊಂದು ಕೆಲಸಕ್ಕೆ ಕಡ್ಡಿಪೊರಕೆ ಬೇಕು. ತಮಾಷೆ ಅಲ್ಲ. ಬಾಗಿಲಿನ ಅಡಿಯಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ಇಳಿಯೋಕೆ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಮುಚ್ಚಿಕೊಂಡರೆ ಒಳಗೆ ಉಪ್ಪುನೀರು ನಿಂತು ಬಾಗಿಲೇ ಕೊಳೆಯುತ್ತದೆ. ತಂತಿ ಹಾಕಿದರೆ ಬಣ್ಣ ಕೆರೆಯುತ್ತದೆ. ತೆಂಗಿನ ಕಡ್ಡಿ ಬಗ್ಗುತ್ತದೆ, ಮುರಿಯೋದಿಲ್ಲ. ಇಂಡಿಯನ್ ಅಂಗಡಿಯಲ್ಲಿ ತಂದ ಪೊರಕೆಯಿಂದ ವರ್ಷಕ್ಕೆ ನಾಲ್ಕು ಕಡ್ಡಿ ಕೀಳ್ತೀನಿ.

ಜನವರಿ, ಫೆಬ್ರವರಿಯಲ್ಲಿ ಸೊನ್ನೆಗಿಂತ ಮೇಲೆ ಹೋದ ದಿನ ನೋಡಿಕೊಂಡು, ಕೆಳಗಿನಿಂದ ನೀರು ಚಿಮ್ಮೋ ಕಾರ್ ವಾಷಿಗೆ ಹೋಗ್ತೀನಿ. ಬಾನೆಟ್ಟು ಫಳಫಳ ಹೊಳೆಯದಿದ್ದರೂ ಪರವಾಗಿಲ್ಲ, ಹೊಟ್ಟೆ ತೊಳೆದರೆ ಸಾಕು.

ಇಷ್ಟೆಲ್ಲ ಯಾಕೆ, ಮಾರಿಬಿಡಿ ಅಂತೀರಾ? ಹಣದ ಲೆಕ್ಕ ಹಾಕಿದರೆ ಸಮಸಮ. ಚಳಿಗಾಲದಲ್ಲಿ ಊರೊಳಗೆ ಗ್ಯಾಲನ್‌ಗೆ 14 ಮೈಲಿ ಕೊಡುತ್ತದೆ, ಅದನ್ನ ಮುಚ್ಚಿಡೋದಿಲ್ಲ. ಆದರೆ ಕಾರಿನ ಸಾಲ ಇಲ್ಲ. ಇನ್ಶೂರೆನ್ಸ್ ದುಬಾರಿಯಾದ ಮಿಶಿಗನ್‌ನಲ್ಲಿ ಹಳೇ ಕಾರಿಗೆ ಬರೀ ಪಿಎಲ್‌ಪಿಡಿ, ಅಂದರೆ ನಮ್ಮ ಕಾರಿನ ರಿಪೇರಿಗೆ ದುಡ್ಡು ಕೊಡದ ಕನಿಷ್ಠ ಇನ್ಶೂರೆನ್ಸ್, ಹಾಕಿಸಿದರೆ ಸಾಕು. ಬಿಡಿಭಾಗಕ್ಕೂ ಬರ ಇಲ್ಲ. ನನ್ನ ಕಾರು ತಯಾರಾಗಿದ್ದು ಇಲ್ಲಿಂದ ಎರಡು ಗಂಟೆ ದಾರಿಯ ಕೆನಡಾದ ಸೇಂಟ್ ಥಾಮಸ್‌ನಲ್ಲಿ. 2011ರ ಜನವರಿಯಲ್ಲಿ ಕೊನೇ ಗ್ರ್ಯಾಂಡ್ ಮಾರ್ಕೀ ಹೊರಬಂತು, ಅದೇ ಸೆಪ್ಟೆಂಬರಿನಲ್ಲಿ ಕಾರ್ಖಾನೆಯೇ ಮುಚ್ಚಿತು. ಆದರೂ ಪೊಲೀಸ್, ಟ್ಯಾಕ್ಸಿ ಅಂತ ಅಷ್ಟೊಂದು ಕಾರು ಓಡಿದ್ದರಿಂದ ಗುಜರಿಗಳಲ್ಲಿ ಸಾಮಾನು ಬಿದ್ದಿದೆ.

ಆಮೇಲೆ ಮುಂದಿನ ಸೀಟು ಬೆಂಚು. ಮೂವರು ಕೂರಬಹುದು, ಒಟ್ಟು ಆರು ಜನ. ಡಿಕ್ಕಿ ಸುಮಾರು 580 ಲೀಟರ್. ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತಿನ ದೊಡ್ಡ ಕೊಳಗವನ್ನ ಆ ಬಾವಿಯಲ್ಲಿ ಇಟ್ಟರೆ ಅಲ್ಲಾಡೋದಿಲ್ಲ. ಅಮ್ಮ ಬಂದಿದ್ದಾಗ ಹಿಂದೆ ಕಾಲು ನೀಡಿ ಕೂತು, "ಇದು ನೋಡೇ, ಕಾರಂದ್ರೆ" ಅಂದಿದ್ದರು. ಹೀಟರ್ ಹಾಕಿದರೆ ಐದೇ ನಿಮಿಷಕ್ಕೆ ಅವರು ಶಾಲು ತೆಗೆದಿಡುತ್ತಿದ್ದರು.

ಹಾಗಂತ ನೀವೂ ಒಂದು ಕೊಳ್ಳಿ ಅಂತ ನಾನು ಹೇಳೋದಿಲ್ಲ. ಹೋದ ವಾರ ಬಂದಿಳಿದು, ಇನ್ನೂ ಒಂದು ಚಳಿಗಾಲ ನೋಡದವರು ಮುಂದಿನ ಚಕ್ರ ಎಳೆಯೋ ಸಣ್ಣ ಕಾರು ತಗೊಳ್ಳಿ, ಚಳಿಗಾಲದ ಟೈರು ಹಾಕಿಸಿ. ಅಷ್ಟು ಸಾಕು. ಕಾರಿನಡಿ ಮಲಗೋದು ಇಷ್ಟ ಇರೋರಿಗೆ ಮಾತ್ರ ಈ ಕಾರು.

ನಾನಂತೂ ಈ ಅಕ್ಟೋಬರಿನಲ್ಲೂ ಮಲಗಿದ್ದೆ. ಸ್ಪ್ರೇ ಹೊಡೆಯೋ ಮುಂಚೆ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನ ಉದ್ದಕ್ಕೂ ತಟ್ಟುತ್ತಾ ಬರ್ತೀನಿ, ಸಂತೆಯಲ್ಲಿ ಮಡಕೆ ತಟ್ಟಿ ನೋಡೋ ಹಾಗೆ. ಎಲ್ಲ ಕಡೆ ಠಣ್ ಅಂತು. ಎಡಗಡೆ, ಹಿಂದಿನ ಚಕ್ರಕ್ಕೆ ಒಂದು ಗೇಣು ಮುಂದೆ, ಠಣ್ ಅನ್ನಲಿಲ್ಲ, ದಬ್ ಅಂತು. ಇನ್ನೊಂದು ಸಲ ತಟ್ಟಿದೆ. ಹೌದು, ದಬ್. ಚುಚ್ಚಿದರೆ ಸ್ಕ್ರೂಡ್ರೈವರ್ ಒಳಗೆ ಹೋಗಲಿಲ್ಲ, ಸದ್ಯ. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಫೋಟೋ ತೆಗೆದು, ಅಲ್ಲಿಗೆ ಎರಡು ಪಟ್ಟು ಜಿಡ್ಡು ಹೊಡೆದು ಎದ್ದು ಬಂದೆ. ಏಪ್ರಿಲ್‌ನಲ್ಲಿ ಮತ್ತೆ ತಟ್ಟಬೇಕು.