ತೋಡಿಯ ಗಾಂಧಾರ ಕೊನೆಗೂ ಬಂತು

ನಿನ್ನೆ ರಾತ್ರಿ ಊಟಕ್ಕೆ ಮುಂಚೆ ತೋಡಿ ರಾಗದ ಗಾಂಧಾರ, ಅಂದರೆ ಸರಿಗಮದ 'ಗ', ನನ್ನ ವೀಣೆಯಲ್ಲಿ ಬಂತು. ಬಿಟ್ಟೂಬಿಡದೆ ಏಳು ಸಲ ಬಂತು. ಚಪಾತಿ ಲಟ್ಟಿಸುತ್ತಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಈಗ ಆಯ್ತು ನೋಡು" ಅಂದಳು. ಮೂರು ತಿಂಗಳಿಂದ ಅವಳೂ ಅದನ್ನೇ ಕೇಳುತ್ತಿದ್ದಾಳಲ್ವಾ!

ನಾನು ಕಲಿಯುತ್ತಿರುವ ವರ್ಣದ (ರಾಗದ ರೂಪ ಕಲಿಸುವ ರಚನೆ) ಸ್ವರ, ಎರಡು ವೇಗ ಎಲ್ಲ ಯಾವತ್ತೋ ಆಗಿದೆ. ಕಾಡಿದ್ದು ಈ ಒಂದು ಸ್ವರ. ವೀಣೆಯಲ್ಲಿ 24 ಮೆಟ್ಟಿಲಿವೆ, ತಂತಿ ಒತ್ತುವ ಲೋಹದ ಪಟ್ಟಿಗಳು. ತೋಡಿಗೆ ಬೇಕಾದ ಸಾಧಾರಣ ಗಾಂಧಾರದ ಮೆಟ್ಟಿಲೂ ಇದೆ. ಅಲ್ಲಿ ಬೆರಳಿಟ್ಟು ಸುಮ್ನೆ ಮೀಟಿದರೆ ಸ್ವರ ಸರಿಯಾಗೇ ಬರುತ್ತದೆ, ತೋಡಿ ಬರುವುದಿಲ್ಲ. ನಮ್ಮ ಮೇಡಂ ಹೇಳಿಕೊಟ್ಟಿದ್ದು ಹೀಗೆ: ಕೆಳಗಿನ ಸ್ವರ ಶುದ್ಧ ರಿಷಭದ (ರಿ) ಮೆಟ್ಟಿಲಲ್ಲಿ ಬೆರಳಿಟ್ಟು, ತಂತಿಯನ್ನು ಮೇಲಿನ ಸ್ವರ ಮಧ್ಯಮದ (ಮ) ಹತ್ತಿರಕ್ಕೆ ಎಳೆದು, ಇಳಿಸಿ, ಮತ್ತೆ ಎಳೆಯಬೇಕು. ಎಲ್ಲಾ ಒಂದೇ ಮೀಟಿನಲ್ಲಿ, ನಾದ ಆರುವುದರೊಳಗೆ.

ಮೊದಲು ಅನುಮಾನ ಬಂದಿದ್ದು ತಂತಿಯ ಮೇಲೆ. ಸಾರಣಿ (ಸ್ವರ ನುಡಿಸುವ ಮುಖ್ಯ ತಂತಿ) ಅಂತ ಬರೆದಿದ್ದ ಪೊಟ್ಟಣದಲ್ಲಿ ಅಂಗಡಿಯವರು ಪಕ್ಕದಲ್ಲಿ ತಾಳ ಹಾಕಲು ಇರುವ ತಾಳದ ತಂತಿಯಷ್ಟು ತೆಳ್ಳಗಿನದನ್ನು ಕಳಿಸಿದ್ದರು. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ "ಎಲ್ಲಾ ಒಂದೇ ಮೇಡಂ" ಅಂದರು. ಒಂದೇ ಅಲ್ಲ! ತೆಳು ತಂತಿ ಬೆರಳಿಗೆ ಹಗುರ. ದಪ್ಪ ತಂತಿಗೆ ಹಾಕುತ್ತಿದ್ದಷ್ಟೇ ಬಲ ಹಾಕಿದರೆ ಮಧ್ಯಮ ದಾಟಿ ಹೋಗುತ್ತದೆ. ಬೇರೆ ಕಡೆಯಿಂದ ಸರಿಯಾದ ತಂತಿ ತರಿಸಿ ಕಟ್ಟಿದೆ. ಹತೋಟಿ ಸಿಕ್ಕಿತು, ಗಾಂಧಾರ ಸಿಗಲಿಲ್ಲ.

ಆಮೇಲೆ ಬೇಸಿಗೆಗೆ ಮೆಟ್ಟಿಲನ್ನು ಹಿಡಿದಿಡುವ ಮೇಣ ಮೆತ್ತಗಾಗಿ ಮೆಟ್ಟಿಲು ಕೆಳಗೆ ಕೂತಿದೆಯೇನೋ ಅಂದುಕೊಂಡೆ. ಒಂದೊಂದಾಗಿ ಮೀಟಿ ನೋಡಿದೆ. ಎಲ್ಲೂ ಜರ್ ಅನ್ನಲಿಲ್ಲ. ಅಲ್ಲಿಗೆ ವಾದ್ಯದ ತಪ್ಪಲ್ಲ ಅಂತಾಯ್ತು.

ಕೊನೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಕೇಳಿದೆ. ಆಗ ಗೊತ್ತಾಯ್ತು. ಹತ್ತುವಾಗ ಚೆನ್ನಾಗಿದೆ. ಇಳಿಯುವಾಗ ತಂತಿ ಧೊಪ್ಪೆಂದು ಬೀಳುತ್ತಿದೆ, ಬಿದ್ದಲ್ಲೇ ಕೂರುತ್ತಿದೆ. ಎಳೆಯುವುದನ್ನು ಮಾತ್ರ ಅಭ್ಯಾಸ ಮಾಡಿ, ಇಳಿಸುವುದನ್ನು ತಂತಿಗೇ ಬಿಟ್ಟಿದ್ದೆ. ಮೇಡಂಗೆ ಕೇಳಿಸಿದೆ. "ಬಾವಿಗೆ ಕೊಡ ಬಿಡುವಾಗ ಹಗ್ಗ ಕೈಬಿಡ್ತೀಯೇನಮ್ಮ?" ಅಂದರು. "ಒಂದು ವಾರ ವೀಣೆ ಮುಟ್ಟಬೇಡ, ಹಾಡು."

ಹಾಡಿದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಬರೀ ರಿ ಗಾ, ರಿ ಗಾ. ನಾಲ್ಕನೇ ದಿನ ಗಂಟಲಿಗೆ ಅದು ತಾನಾಗಿ ಹೊಳೆಯಿತು. ಸ್ವರದ ಭಾರ ಮೇಲಿರುತ್ತದೆ, ಕೆಳಗೆ ಬರೀ ಮುಟ್ಟಿ ಬರುತ್ತದೆ. ವಾರ ಕಳೆದು ವೀಣೆ ಹಿಡಿದಾಗ ತೋರುಬೆರಳು ನಡುಬೆರಳು ಎರಡನ್ನೂ ಜೋಡಿಸಿ, ಇಳಿಯುವಾಗಲೂ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದೆ. ಐದು ದಿನ ಬರಲಿಲ್ಲ. ನಿನ್ನೆ ಬಂತು. ಮೈ ಜುಮ್ಮೆಂದಿತು. ತಾಳ ಬಿಟ್ಟೆ, ವರ್ಣ ಬಿಟ್ಟೆ. ಹನ್ನೊಂದು ಗಂಟೆವರೆಗೂ ಅದೊಂದನ್ನೇ ನುಡಿಸುತ್ತಾ ಕೂತೆ.

ಈ ಮೂರು ತಿಂಗಳಲ್ಲಿ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯನ್ನು ತುಂಬಾ ಕೇಳಿದೆ. ವೆಂಕಟಗಿರಿಯಪ್ಪನವರ ಶಿಷ್ಯರು, ಮೈಸೂರು ಬಾನಿ, ಅಂದರೆ ಮೈಸೂರಿನ ಶೈಲಿ. ಎಳೆತಕ್ಕೆ ಒಂದು ಅಳತೆ ಇರುತ್ತದೆ, ಮೀಟು ಮುತ್ತು ಪೋಣಿಸಿದ ಹಾಗೆ. ಅದನ್ನು ಕೇಳಿ ಕೇಳಿ ಈಗ ತಾನದ ಹುಚ್ಚು ಹತ್ತಿದೆ, ತಾಳದ ಕಟ್ಟಿಲ್ಲದೆ ಲಯದಲ್ಲಿ ರಾಗ ನುಡಿಸುವುದು. ಎಡಗೈ ಸ್ವರಗಳ ಮೇಲೆ ಓಡಬೇಕು, ಬಲಗೈ ಕಿರುಬೆರಳು ತಾಳದ ತಂತಿಯನ್ನು ನಡುನಡುವೆ ಮುಟ್ಟುತ್ತಾ ಇರಬೇಕು. ನನ್ನ ಕಿರುಬೆರಳು ಇನ್ನೂ ನನ್ನ ಮಾತೇ ಕೇಳುವುದಿಲ್ಲ. ತಾಳದ ಮೂರು ತಂತಿಯ ಮೇಲೆ ದಿನಾ ಹತ್ತು ನಿಮಿಷ ಬರೀ ಆ ಬೆರಳಿಗೆ ಅಂತ ಈಗಲೇ ಶುರು ಮಾಡಿದ್ದೇನೆ. ಯಾವ ರಾಗದಲ್ಲಿ ತಾನ ಅನ್ನೋದೂ ತೀರ್ಮಾನ ಆಗಿದೆ, ನಾಟ. ಆದರೆ ಅದಕ್ಕೆ ಮುಂಚೆ ತೋಡಿಯಲ್ಲಿ ನಿಷಾದ (ನಿ) ಬಾಕಿ ಇದೆ. ಅದೂ ಹೀಗೇ ತೂಗಬೇಕು.

ಇವತ್ತು ಬೆಳಗ್ಗೆ ಕಾಫಿ ಸೋಸುತ್ತಾ ಅಮ್ಮ ಏನೋ ಗುನುಗುತ್ತಿದ್ದಳು. ನಿಂತು ಕೇಳಿದೆ. ರಿ ಗಾ, ರಿ ಗಾ. ಅವಳದ್ದು ನನಗಿಂತ ಚೆನ್ನಾಗಿ ಇಳಿಯುತ್ತಿತ್ತು.